ಟ್ಯೂಬು ತೆಗೆದರು, ಆಮೇಲೆ?

ಹೊಟ್ಟೆಯೊಳಗೆ ರಕ್ತ ಸೋರುತ್ತಿರುವಾಗ ಕೆಲವು ಹೆಂಗಸರಿಗೆ ನೋವು ಕಾಣಿಸಿಕೊಳ್ಳುವುದು ಹೆಗಲಿನ ತುದಿಯಲ್ಲಿ. ಮಲಗಿದರೆ ಹೆಚ್ಚುತ್ತದೆ, ಎದ್ದು ಕೂತರೆ ಸ್ವಲ್ಪ ತಗ್ಗುತ್ತದೆ. ಸೋರಿದ ರಕ್ತ ಮೇಲಕ್ಕೆ ಹರಿದು ಎದೆ–ಹೊಟ್ಟೆಗಳ ನಡುವಿನ ವಪೆಯನ್ನು ಮುಟ್ಟಿರುತ್ತದೆ. ವಪೆಯ ನರವೂ ಹೆಗಲಿನ ನರವೂ ಕುತ್ತಿಗೆಯಲ್ಲಿ ಒಂದೇ ಮಟ್ಟದಿಂದ ಹೊರಡುವುದರಿಂದ ಮೆದುಳು ನೋವಿನ ಜಾಗವನ್ನು ತಪ್ಪಾಗಿ ಗುರುತಿಸುತ್ತದೆ. ಮನೆಯಲ್ಲಿ ಅದಕ್ಕೆ ಸಿಗುವ ಹೆಸರು ಗ್ಯಾಸ್ಟ್ರಿಕ್. ಜೀರಿಗೆ ಕಷಾಯವಾಗುತ್ತದೆ, ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ಬರುತ್ತದೆ. ಮುಟ್ಟು ಹತ್ತು ದಿನ ಮುಂದೆ ಹೋಗಿದೆ ಎಂಬುದನ್ನು ಆಕೆ ಹೇಳಿರುವುದಿಲ್ಲ, ಯಾರೂ ಕೇಳಿರುವುದೂ ಇಲ್ಲ. ತಲೆಸುತ್ತು ಬಂದು ಬಚ್ಚಲಲ್ಲಿ ಕುಸಿದಾಗಷ್ಟೇ ಆಟೋ ಬರುತ್ತದೆ, ಆಸ್ಪತ್ರೆ ಕಾಣುತ್ತದೆ.

ಗರ್ಭಕೋಶದಲ್ಲಿ ಕೂರಬೇಕಾದ ಗರ್ಭ ಅಂಡನಾಳದಲ್ಲೇ ಕೂತು ಬೆಳೆದಾಗ ಆಗುವ ಅನಾಹುತ ಇದು. ವೈದ್ಯರು ಎಕ್ಟೋಪಿಕ್ ಎನ್ನುತ್ತಾರೆ. ವಾರ್ಡಿನಲ್ಲಿ ಇದರ ಹೆಸರು ‘ಟ್ಯೂಬಲ್ಲಿ ಬಸಿರು ನಿಂತಿದೆ’ ಎಂದು. ನೂರು ಗರ್ಭಗಳಲ್ಲಿ ಒಂದೋ ಎರಡೋ ಹೀಗೆ ದಾರಿ ತಪ್ಪುತ್ತವೆ. ಹಾಗೆ ತಪ್ಪಿದವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಈ ನಾಳದಲ್ಲೇ. ಇಷ್ಟು ಸಾಮಾನ್ಯವಾದ ಕಾಯಿಲೆಯ ಬಗ್ಗೆ ನಡೆಯುವ ಮಾತೆಲ್ಲ ಆ ಒಂದು ರಾತ್ರಿಯ ಆಪರೇಷನ್ನಿಗೆ ನಿಂತುಬಿಡುತ್ತದೆ. ಜೀವ ಉಳಿಯಿತು, ಹೊಲಿಗೆ ಬಿಚ್ಚಿದರು, ಮನೆಗೆ ಬಂದರು. ಆದರೆ ಗಾಯಗೊಂಡ ಅಂಡನಾಳದ ಚಿಕಿತ್ಸೆಯಲ್ಲಿ ಅರ್ಧ ಪಾಲು ಉಳಿದಿರುವುದೇ ಮನೆಗೆ ಬಂದ ಮೇಲೆ. ಕೈಬಿಟ್ಟು ಹೋಗುವುದೂ ಆ ಅರ್ಧವೇ.

ಈ ನಾಳ ಹತ್ತು–ಹನ್ನೆರಡು ಸೆಂಟಿಮೀಟರ್ ಉದ್ದ. ಇಟಲಿಯ ಗೇಬ್ರಿಯೆಲೆ ಫಲೋಪ್ಪಿಯೊ 1561ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಸರಿಯಾಗಿ ವಿವರಿಸಿದ. ಅವನ ಹೆಸರೇ ಇದಕ್ಕೆ ಅಂಟಿಕೊಂಡಿತು. ಗರ್ಭಕೋಶದ ಕಡೆಯ ತುದಿಯಲ್ಲಿ ಒಳದಾರಿ ಒಂದು ಮಿಲಿಮೀಟರಿನಷ್ಟೇ ಕಿರಿದು. ಅಂಡಾಶಯದ ಕಡೆಗೆ ಅಗಲವಾಗುತ್ತ ಹೋಗಿ, ಕೊನೆಗೆ ಝಾಲರಿನಂಥ ಬೆರಳುಗಳಾಗಿ ಬಿಡಿಸಿಕೊಳ್ಳುತ್ತದೆ. ಅಂಡಾಣು ಹೊರಬಿದ್ದ ಕೂಡಲೇ ಈ ಬೆರಳುಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಒಳಗೋಡೆಯ ಮಡಿಕೆಗಳ ಮೇಲೆ ಲಕ್ಷಾಂತರ ಸೂಕ್ಷ್ಮ ರೋಮಗಳಿದ್ದು, ಗಾಳಿಗೆ ಭತ್ತದ ಪೈರು ಬಾಗುವ ಹಾಗೆ ಒಂದೇ ದಿಕ್ಕಿಗೆ ಬಾಗುತ್ತಿರುತ್ತವೆ. ನಾಳದ ಅಗಲವಾದ ಭಾಗದಲ್ಲಿ ವೀರ್ಯಾಣು ಬಂದು ಸೇರುತ್ತದೆ. ಆಮೇಲೆ ಮೂರ್ನಾಲ್ಕು ದಿನ ಆ ರೋಮಗಳೂ ನಾಳದ ಸ್ನಾಯುಗಳೂ ಸೇರಿ ಭ್ರೂಣವನ್ನು ಗರ್ಭಕೋಶದವರೆಗೆ ಸಾಗಿಸುತ್ತವೆ.

ನಾಳಕ್ಕೆ ಪೆಟ್ಟು ಬಿತ್ತೆಂದರೆ ಪೆಟ್ಟು ಬೀಳುವುದು ಮೊದಲು ಈ ರೋಮಗಳಿಗೆ. ಸೋಂಕು ಬಂದು ಹೋದ ಕಡೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರೋಮಗಳು ಉದುರುತ್ತವೆ. ದಾರಿ ಮಾತ್ರ ತೆರೆದೇ ಇರಬಹುದು. ಡೈ ಹಾಕಿ ತೆಗೆಯುವ ಎಕ್ಸ್‌ರೇಯಲ್ಲಿ ಬಣ್ಣ ಸರಾಗವಾಗಿ ಹೊರಬಂದರೆ ‘ಟ್ಯೂಬು ಓಪನ್ ಇದೆ’ ಎಂದು ರಿಪೋರ್ಟ್ ಬರುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ತೆರೆದಿದೆ ಎಂಬುದು ನಿಜ, ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವೀರ್ಯಾಣು ತಾನೇ ಈಜಿ ಬರಬಲ್ಲದು. ಭ್ರೂಣಕ್ಕೆ ಆ ಶಕ್ತಿಯಿಲ್ಲ. ಅರ್ಧ ಕೆಟ್ಟ ನಾಳದಲ್ಲಿ ಗರ್ಭ ಕಟ್ಟುತ್ತದೆ, ಮುಂದಕ್ಕೆ ಸಾಗದೆ ಅಲ್ಲೇ ಬೇರು ಬಿಡುತ್ತದೆ. ಪೂರ್ತಿ ಮುಚ್ಚಿಹೋದ ನಾಳಕ್ಕಿಂತ ಅರ್ಧ ಕೆಟ್ಟ ನಾಳ ಹೆಚ್ಚು ಅಪಾಯ ತರುವುದು ಈ ಕಾರಣಕ್ಕೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾಸನ್ ಟೇಟ್ ಎಂಬ ಶಸ್ತ್ರಚಿಕಿತ್ಸಕನಿದ್ದ. 1881ರಲ್ಲಿ ನಾಳ ಒಡೆದ ಒಬ್ಬ ಹೆಂಗಸನ್ನು ನೋಡಲು ಅವನನ್ನು ಕರೆಸಿದರು. ಹೊಟ್ಟೆ ತೆರೆದು ರಕ್ತ ನಿಲ್ಲಿಸಬಾರದೇಕೆ ಎಂದು ಕರೆಸಿದ ವೈದ್ಯರೇ ಸೂಚಿಸಿದರು. ಟೇಟ್‌ಗೆ ಧೈರ್ಯ ಬರಲಿಲ್ಲ. ಆಕೆ ಸತ್ತಳು. ಮರಣೋತ್ತರ ಪರೀಕ್ಷೆಯಲ್ಲಿ ಒಡೆದ ನಾಳವನ್ನು ಕೈಯಲ್ಲಿ ಹಿಡಿದು ನೋಡಿದಾಗ, ಒಂದು ದಾರ ಬಿಗಿದಿದ್ದರೆ ಜೀವ ಉಳಿಯುತ್ತಿತ್ತು ಎಂಬುದು ಅವನಿಗೆ ಸ್ಪಷ್ಟವಾಯಿತು. 1883ರಲ್ಲಿ ಅವನು ಆ ಆಪರೇಷನ್ ಮಾಡಿಯೇಬಿಟ್ಟ. ಮೊದಲ ರೋಗಿ ಬದುಕಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಎರಡನೆಯವಳು ಬದುಕಿದಳು. ಒಡೆದ ನಾಳವನ್ನು ಬುಡಕ್ಕೆ ಕಟ್ಟಿ ತೆಗೆದುಹಾಕುವ ಪದ್ಧತಿ ಅಲ್ಲಿಂದ ಶುರು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ನಡುರಾತ್ರಿ ನಡೆಯುವುದೂ ಮೂಲದಲ್ಲಿ ಅದೇ.

ನಾಳ ಒಡೆಯುವ ಮುನ್ನವೇ ಗೊತ್ತಾದರೆ ಕತ್ತರಿ ಬೇಕಾಗದೆಯೂ ಹೋಗಬಹುದು. ಮೆಥೊಟ್ರೆಕ್ಸೇಟ್ ಎಂಬ ಇಂಜೆಕ್ಷನ್ ಇದೆ. ಇದರ ಹಿಂದೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ತೆಲುಗು ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಮುಂದೆ ಅದರ ಕೆಲಸವನ್ನೇ ತಡೆಯುವ ಮೆಥೊಟ್ರೆಕ್ಸೇಟನ್ನೂ ತಯಾರಿಸಿತು. ವೇಗವಾಗಿ ಬೆಳೆಯುವ ಜೀವಕೋಶಗಳಿಗೆ ಫೋಲಿಕ್ ಆಸಿಡ್ ಬೇಕೇಬೇಕು, ಅದನ್ನು ತಪ್ಪಿಸಿದರೆ ಬೆಳವಣಿಗೆ ನಿಲ್ಲುತ್ತದೆ. ರಕ್ತದ ಕ್ಯಾನ್ಸರಿಗೆಂದು ಹುಟ್ಟಿದ ಈ ಔಷಧವನ್ನು 1982ರಲ್ಲಿ ಜಪಾನಿನ ವೈದ್ಯರು ಎಕ್ಟೋಪಿಕ್‌ಗೆ ಬಳಸಿದರು. ಗರ್ಭಿಣಿಗೆ ಮೊದಲ ತಿಂಗಳಿಂದಲೇ ಫೋಲಿಕ್ ಆಸಿಡ್ ಮಾತ್ರೆ ಕೊಡುವುದು ನಮ್ಮಲ್ಲಿ ರೂಢಿ. ಈ ಇಂಜೆಕ್ಷನ್ ಪಡೆದಾಕೆ ಅದನ್ನು ನಿಲ್ಲಿಸಲೇಬೇಕು. ಒಳ್ಳೆಯದಾಗಲೆಂದು ಮಾತ್ರೆ ಮುಂದುವರಿಸಿದರೆ ಔಷಧದ ಕೆಲಸವೇ ಕೆಡುತ್ತದೆ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಬೇಡ, ಮದ್ಯ ಬೇಡ, ಸುಡುಬಿಸಿಲಲ್ಲಿ ಹೊಲದ ಕೆಲಸವೂ ಬೇಡ.

ಈ ಚಿಕಿತ್ಸೆ ಎಲ್ಲರಿಗೂ ಅಲ್ಲ. ರಕ್ತಸ್ರಾವ ಇರಬಾರದು, ಭ್ರೂಣದ ಹೃದಯ ಬಡಿತ ಕಾಣಬಾರದು, ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನಿನ ಮಟ್ಟ ತೀರಾ ಹೆಚ್ಚಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಆಕೆ ಮತ್ತೆ ಮತ್ತೆ ಆಸ್ಪತ್ರೆಗೆ ಬರಲು ಸಾಧ್ಯವಿರಬೇಕು. ಮಾರ್ಗಸೂಚಿಗಳಲ್ಲೇ ಬರೆದಿರುವ ಷರತ್ತು ಇದು. ಊರಿಂದ ತಾಲ್ಲೂಕು ಕೇಂದ್ರಕ್ಕೆ ದಿನಕ್ಕೆ ಎರಡೇ ಬಸ್ಸು ಎಂಬಂಥ ಕಡೆ ಇರುವವಳಿಗೆ ಇಂಜೆಕ್ಷನ್ನೇ ಸರಿಯೋ ಆಪರೇಷನ್ನೇ ಸರಿಯೋ ಎಂಬುದನ್ನು ಬಸ್ಸಿನ ವೇಳಾಪಟ್ಟಿಯನ್ನೂ ಲೆಕ್ಕಕ್ಕೆ ಹಿಡಿದೇ ತೀರ್ಮಾನಿಸಬೇಕಾಗುತ್ತದೆ.

ಇಂಜೆಕ್ಷನ್ ಕೊಟ್ಟ ದಿನವನ್ನು ಒಂದನೇ ದಿನವೆಂದು ಹಿಡಿದರೆ ನಾಲ್ಕನೇ ದಿನ ಮತ್ತು ಏಳನೇ ದಿನ ರಕ್ತಪರೀಕ್ಷೆ. ಉದಾಹರಣೆಗೆ ಮೊದಲ ದಿನ ಎಚ್‌ಸಿಜಿ 1600 ಇತ್ತೆನ್ನಿ. ನಾಲ್ಕನೇ ದಿನ ಅದು 2100 ಆಗಿರಬಹುದು. ‘ಇಂಜೆಕ್ಷನ್ ಹಿಡಿಯಲಿಲ್ಲ’ ಎಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಮೊದಲ ದಿನಗಳಲ್ಲಿ ಏರುವುದು ಸಹಜ. ನೋಡಬೇಕಾದ್ದು ನಾಲ್ಕಕ್ಕೂ ಏಳಕ್ಕೂ ನಡುವಿನ ಇಳಿಕೆ. ಏಳನೇ ದಿನ 1750 ಬಂದರೆ ಶೇ 15ಕ್ಕಿಂತ ಹೆಚ್ಚು ಇಳಿದಂತೆ, ಸದ್ಯಕ್ಕೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. 1950 ಬಂದರೆ ಸಾಲದು. ಇನ್ನೊಂದು ಇಂಜೆಕ್ಷನ್ ಅಥವಾ ಆಪರೇಷನ್ ಬಗ್ಗೆ ಯೋಚಿಸಬೇಕು. ಇಳಿದರೂ ಅಲ್ಲಿಗೆ ಮುಗಿಯಿತೆಂದಲ್ಲ. ವಾರಕ್ಕೊಮ್ಮೆ ರಕ್ತ ಕೊಡುತ್ತ, ಆ ಸಂಖ್ಯೆ ಗರ್ಭವೇ ಇಲ್ಲದವರ ಮಟ್ಟಕ್ಕೆ ಬರುವವರೆಗೂ ಹೋಗುತ್ತಿರಬೇಕು. ಅದಕ್ಕೆ ಹಲವು ವಾರ ಹಿಡಿಯುತ್ತದೆ. ಎಚ್‌ಸಿಜಿ ಇಳಿಯುತ್ತಿರುವಾಗಲೇ ನಾಳ ಒಡೆದ ನಿದರ್ಶನಗಳಿವೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಕಿಬ್ಬೊಟ್ಟೆಯಲ್ಲಿ ಸ್ವಲ್ಪ ನೋವು ಅನೇಕರಿಗೆ ಬರುತ್ತದೆ. ಅದು ಗರ್ಭ ಬಿಟ್ಟುಕೊಳ್ಳುವ ನೋವೋ ನಾಳ ಒಡೆದ ನೋವೋ ಎಂಬುದನ್ನು ಮನೆಯಲ್ಲಿ ಕೂತು ಹೇಳಲಾಗದು. ನೋವು ಜೋರಾದರೆ, ತಲೆ ಸುತ್ತಿದರೆ, ಹೆಗಲು ಹಿಡಿದರೆ ಮುಂದಿನ ತಾರೀಖಿಗೆ ಕಾಯದೆ ಹೊರಡಬೇಕು.

ಆಪರೇಷನ್ ಮಾಡುವಾಗ ಸರ್ಜನ್ ಮುಂದೆ ಎರಡು ದಾರಿ. ನಾಳವನ್ನು ಸೀಳಿ ಗರ್ಭವನ್ನಷ್ಟೇ ತೆಗೆದು ನಾಳ ಉಳಿಸುವುದು ಒಂದು, ನಾಳವನ್ನೇ ತೆಗೆದುಹಾಕುವುದು ಇನ್ನೊಂದು. ‘ಹೇಗಾದರೂ ಮಾಡಿ ಟ್ಯೂಬು ಉಳಿಸಿ ಡಾಕ್ಟ್ರೇ’ ಎಂದು ಮನೆಯವರು ಕೇಳಿಕೊಳ್ಳುವುದು ಸಹಜ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನವೊಂದು ಇದಕ್ಕೆ ಉತ್ತರ ಹುಡುಕಿತು. ಇನ್ನೊಂದು ನಾಳ ಚೆನ್ನಾಗಿರುವ 446 ಹೆಂಗಸರನ್ನು ಎರಡು ಗುಂಪು ಮಾಡಿ ಮೂರು ವರ್ಷ ಗಮನಿಸಿದಾಗ, ನಾಳ ಉಳಿಸಿಕೊಂಡವರಲ್ಲಿ ಶೇ 60.7ರಷ್ಟು, ತೆಗೆಸಿಕೊಂಡವರಲ್ಲಿ ಶೇ 56.2ರಷ್ಟು ಮಂದಿ ತಾವಾಗಿಯೇ ಗರ್ಭ ಧರಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಆದರೆ ನಾಳ ಉಳಿಸಿದವರಲ್ಲಿ ಶೇ 7ರಷ್ಟು ಮಂದಿಗೆ ಗರ್ಭದ ಅಂಶ ಒಳಗೇ ಉಳಿದು ಮತ್ತೆ ಬೆಳೆಯಿತು. ತೆಗೆದವರಲ್ಲಿ ಆ ಪ್ರಮಾಣ ಶೇ 1ಕ್ಕೂ ಕಡಿಮೆ. ನಾಳ ಉಳಿಸಿದ್ದೇ ಆದರೆ ವಾರವಾರ ಎಚ್‌ಸಿಜಿ ನೋಡುವುದು ಕಡ್ಡಾಯವಾಗುವುದು ಈ ಕಾರಣಕ್ಕೆ. ಇನ್ನೊಂದು ನಾಳ ಮೊದಲೇ ಕೆಟ್ಟಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಆಗ ಇರುವ ಒಂದನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅರ್ಥವಿದೆ.

ಒಂದು ನಾಳ ಹೋದರೆ ಮುಟ್ಟು ನಿಲ್ಲುವುದಿಲ್ಲ. ಅಂಡಾಶಯ ಅಲ್ಲೇ ಇರುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಮುಟ್ಟು ಮರಳುತ್ತದೆ. ಉಳಿದ ನಾಳ ತನ್ನ ಬದಿಯ ಅಂಡಾಣುವನ್ನಷ್ಟೇ ಅಲ್ಲ, ಎದುರು ಬದಿಯದನ್ನೂ ಕೆಲವೊಮ್ಮೆ ಎಳೆದುಕೊಳ್ಳುತ್ತದೆ. ‘ಒಂದು ತಿಂಗಳು ಬಿಟ್ಟು ಒಂದು ತಿಂಗಳು ಮಾತ್ರ ಅವಕಾಶ’ ಎಂಬ ಲೆಕ್ಕ ತಪ್ಪು.

ಲ್ಯಾಪರೋಸ್ಕೋಪಿ ಆದವರಿಗೆ ಹೆಗಲುನೋವು ಇನ್ನೊಮ್ಮೆ ಬರಬಹುದು. ಈ ಸಲ ಕಾರಣ ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್. ದಿನದಿಂದ ದಿನಕ್ಕೆ ಅದು ಕಡಿಮೆಯಾಗಬೇಕು. ಹೆಚ್ಚಾದರೆ, ಜ್ವರ ಬಂದರೆ, ಹೊಟ್ಟೆ ಬಿಗಿದರೆ ಮತ್ತೆ ತೋರಿಸಬೇಕು. ರಕ್ತ ಕಳೆದುಕೊಂಡವಳಿಗೆ ಕಬ್ಬಿಣಾಂಶದ ಮಾತ್ರೆ ಕೆಲವು ತಿಂಗಳು ಬೇಕಾಗುತ್ತದೆ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಪರೇಷನ್ ಆದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್. ಮಗುವೇ ಹುಟ್ಟಲಿಲ್ಲವಲ್ಲ, ಅದೇಕೆ ಎಂದು ಕೇಳುವವರಿದ್ದಾರೆ. ತಾಯಿಯ ರಕ್ತದಲ್ಲಿ ಈಗ ಹುಟ್ಟುವ ಪ್ರತಿಕಾಯ ಕಾಡುವುದು ಮುಂದಿನ ಮಗುವನ್ನು.

ತೆಗೆದ ನಾಳವನ್ನು ಬಯಾಪ್ಸಿಗೆ ಕಳಿಸುತ್ತಾರೆ. ರಿಪೋರ್ಟ್ ಬರುವಷ್ಟರಲ್ಲಿ ಆಕೆ ಊರು ಸೇರಿರುತ್ತಾಳೆ. ಆ ಕಾಗದವನ್ನು ತರಿಸಿಕೊಂಡು ಓದಿಸಲೇಬೇಕು. ಒಮ್ಮೊಮ್ಮೆ ಅದರಲ್ಲಿ ಯಾರೂ ನಿರೀಕ್ಷಿಸದ ಹೆಸರಿರುತ್ತದೆ: ಕ್ಷಯ. ಭಾರತದಲ್ಲಿ ಅಂಡನಾಳ ಕೆಡುವುದಕ್ಕೆ ಟಿ.ಬಿ. ಒಂದು ದೊಡ್ಡ ಕಾರಣ. ಎಂದೋ ಪುಪ್ಪುಸಕ್ಕೆ ಬಂದ ರೋಗಾಣು ರಕ್ತದ ಮೂಲಕ ನಾಳಕ್ಕೆ ಇಳಿದು, ಸಾಮಾನ್ಯವಾಗಿ ಎರಡೂ ಬದಿಯಲ್ಲಿ, ಸದ್ದಿಲ್ಲದೆ ಕೂರುತ್ತದೆ. ಕೆಮ್ಮಿಲ್ಲ, ಕಫವಿಲ್ಲ. ಹೆಚ್ಚೆಂದರೆ ಮುಟ್ಟು ಕಡಿಮೆಯಾಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ. ಆರು ತಿಂಗಳ ಔಷಧ ಸರ್ಕಾರದಿಂದ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗಿಷ್ಟು ಹಣ ಖಾತೆಗೆ ಬರುತ್ತದೆ. ಔಷಧ ರೋಗಾಣುವನ್ನು ಕೊಲ್ಲುತ್ತದೆ. ಆಗಿಹೋದ ಗಾಯದ ಕಲೆಯನ್ನು ಅಳಿಸುವುದಿಲ್ಲ. ಎಷ್ಟು ಬೇಗ ಸಿಕ್ಕಿತು ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಕ್ಲಮಿಡಿಯದಂಥ ಲೈಂಗಿಕ ಸೋಂಕುಗಳದ್ದೂ ಇದೇ ಬಗೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ, ಕಿಬ್ಬೊಟ್ಟೆಯ ಸೋಂಕು ಒಮ್ಮೆ ಬಂದವರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ನಾಳ ಕೆಟ್ಟು ಮಕ್ಕಳಾಗದೆ ಹೋಯಿತು. ಎರಡು ಸಲ ಬಂದವರಲ್ಲಿ ಅದು ಶೇ 20ರ ಹತ್ತಿರ, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ ಶೇ 40. ಹೆಂಡತಿಗೆ ಕೋರ್ಸು ಬರೆದು ಗಂಡನಿಗೆ ಬರೆಯದಿದ್ದರೆ ಎರಡನೆಯ ಸಲದ ಸೋಂಕು ಮನೆಯಲ್ಲೇ ಕಾದಿರುತ್ತದೆ. ಬಿಳಿಸೆರಗಿನ ಬಗ್ಗೆ ಮಾತಾಡಲು ನಾಚುವ ಮನೆಗಳಲ್ಲಿ, ಗಂಡನೂ ಮಾತ್ರೆ ನುಂಗಬೇಕು ಎಂದು ಹೇಳುವ ಹೊಣೆ ಹೆಂಡತಿಯ ಮೇಲೆ ಬೀಳಬಾರದು. ವೈದ್ಯರೇ ಆತನನ್ನು ಒಳಗೆ ಕರೆದು ಹೇಳಬೇಕು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಅಂದರೆ ಬೇಕೆಂದೇ ನಾಳ ಕತ್ತರಿಸಿಕೊಂಡವರು. ‘ನಂದು ಆಪರೇಷನ್ ಆಗಿದೆ’ ಎಂದ ಮೇಲೆ ಗರ್ಭದ ಮಾತೇ ಮುಗಿಯಿತೆಂದು ಆಕೆಯೂ ಭಾವಿಸುತ್ತಾಳೆ, ಎಷ್ಟೋ ಸಲ ಎದುರು ಕೂತ ವೈದ್ಯರೂ ಭಾವಿಸುತ್ತಾರೆ. ಅಮೆರಿಕದಲ್ಲಿ ಇಂಥ 10,685 ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ 143 ಮಂದಿಗೆ ಮತ್ತೆ ಗರ್ಭ ನಿಂತಿತು. ಅದರಲ್ಲಿ 47, ಅಂದರೆ ಮೂರರಲ್ಲೊಂದು ಪಾಲು, ಎಕ್ಟೋಪಿಕ್. ಆಪರೇಷನ್ ಆಗಿ ಏಳೆಂಟು ವರ್ಷವಾದ ಮೇಲೂ ಹೀಗಾಗಿದೆ. ಟ್ಯೂಬೆಕ್ಟಮಿ ಆದವಳ ಮುಟ್ಟು ಮುಂದೆ ಹೋಗಿ ಹೊಟ್ಟೆ ನೋಯುತ್ತಿದ್ದರೆ ಮೂತ್ರಪರೀಕ್ಷೆಯ ಕಾರ್ಡ್ ತರಿಸಿ ನೋಡುವುದೇ ಮೊದಲ ಕೆಲಸ. ಐವತ್ತು–ನೂರು ರೂಪಾಯಿಯ ಆ ಕಾರ್ಡ್ ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ.

ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವುದೂ ಉಂಟು. 2004ರ ಸುನಾಮಿಯಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಕರಾವಳಿಯ ತಾಯಂದಿರಿಗೆ ತಮಿಳುನಾಡು ಸರ್ಕಾರ ಈ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿತು. ಎಷ್ಟು ಉದ್ದದ ನಾಳ ಉಳಿದಿದೆ, ಹಿಂದೆ ಹೇಗೆ ಕಟ್ಟಿದ್ದರು, ಆಕೆಯ ವಯಸ್ಸೆಷ್ಟು ಎಂಬುದರ ಮೇಲೆ ಫಲ ನಿಂತಿರುತ್ತದೆ. ಜೋಡಿಸಿದ ಜಾಗ ಕಿರಿದಾಗಿರುವುದರಿಂದ ಅಂಥವರಿಗೆ ನಿಲ್ಲುವ ಪ್ರತಿ ಗರ್ಭವನ್ನೂ ಮೊದಲ ವಾರಗಳಲ್ಲೇ ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಎರಡೂ ನಾಳ ಕೈಕೊಟ್ಟವರ ಕಥೆ, ಅಂಡಾಣುವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸುವ ಐವಿಎಫ್‌ನ ಹುಟ್ಟಿನ ಕಥೆಯೂ ಹೌದು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದಳು. ಅವಳ ತಾಯಿಯ ನಾಳಗಳು ಮುಚ್ಚಿಹೋಗಿದ್ದವು. ಎರಡು ತಿಂಗಳು ಕಳೆದು ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ‘ದುರ್ಗಾ’ ಹುಟ್ಟಿದಳು, ಅವಳ ತಾಯಿಯದ್ದೂ ಅದೇ ಸಮಸ್ಯೆ. ಅದನ್ನು ಸಾಧಿಸಿದ ಡಾ. ಸುಭಾಷ್ ಮುಖರ್ಜಿಯವರನ್ನು ರಾಜ್ಯ ಸರ್ಕಾರದ ಸಮಿತಿ ನಂಬಲಿಲ್ಲ. ವರ್ಗಾವಣೆ, ಅವಮಾನಗಳ ಬಳಿಕ 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಹಿರಿಮೆಯನ್ನು ಲೋಕಕ್ಕೆ ಸಾರಿದವರು ಡಾ. ಟಿ.ಸಿ. ಆನಂದ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವಿನಿಂದಾಗಿ ದೇಶದ ಮೊದಲಿಗರೆಂಬ ಕೀರ್ತಿ ಡಾ. ಇಂದಿರಾ ಹಿಂದುಜಾ ಅವರ ಜೊತೆ ಇದೇ ಆನಂದ ಕುಮಾರ್ ಅವರಿಗೆ ಸಂದಿತ್ತು. ಆ ಕೀರ್ತಿಯನ್ನು ಅವರೇ ಕೈಯಾರೆ ಮುಖರ್ಜಿಯವರಿಗೆ ಒಪ್ಪಿಸಿದರು. ಭಾರತೀಯ ವಿಜ್ಞಾನದಲ್ಲಿ ಇಂಥ ಉದಾರತೆ ಅಪರೂಪ.

ಐವಿಎಫ್ ನಾಳವನ್ನು ಬಳಸಿಕೊಳ್ಳುವುದಿಲ್ಲ ನಿಜ, ಹಾಗೆಂದು ಕೆಟ್ಟ ನಾಳವನ್ನು ಮರೆತುಬಿಡುವಂತಿಲ್ಲ. ತುದಿ ಮುಚ್ಚಿ ನೀರು ತುಂಬಿ ಉಬ್ಬಿದ ನಾಳವಿದ್ದರೆ ಆ ನೀರು ಗರ್ಭಕೋಶಕ್ಕೆ ಸೋರಿ ಭ್ರೂಣ ನಿಲ್ಲದಂತೆ ಮಾಡುತ್ತದೆ. ಅಂಥ ನಾಳವನ್ನು ಮೊದಲು ತೆಗೆದರೆ ಯಶಸ್ಸಿನ ಸಾಧ್ಯತೆ ಹೆಚ್ಚುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ದಂಪತಿ ಕೇಳಬೇಕಾದ ಪ್ರಶ್ನೆ ಇದು.

ಹೆರಿಗೆಯಾದವಳಿಗೆ ಕನ್ನಡದ ಮನೆಗಳಲ್ಲಿ ಬಾಣಂತನವಿದೆ. ಎಣ್ಣೆನೀರು, ಕಾರದ ಪುಡಿ, ತವರಿನ ಕೋಣೆ, ತಿಂಗಳುಗಟ್ಟಲೆ ವಿಶ್ರಾಂತಿ. ಎಕ್ಟೋಪಿಕ್ ಆದವಳಿಗೆ ಇದ್ಯಾವುದೂ ಇಲ್ಲ. ಎರಡು ಲೀಟರ್ ರಕ್ತ ಕಳೆದುಕೊಂಡು ಬಂದವಳೂ ವಾರದಲ್ಲಿ ಬಿಂದಿಗೆ ಎತ್ತುತ್ತಾಳೆ. ಹೋದದ್ದು ಮಗುವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಸದ್ಯ, ನಿನ್ನ ಜೀವ ಉಳೀತಲ್ಲ’ ಎನ್ನುತ್ತಾರೆ, ಪ್ರೀತಿಯಿಂದಲೇ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಪಾತ ಅಥವಾ ಎಕ್ಟೋಪಿಕ್ ಆದ ಒಂದು ತಿಂಗಳಿಗೆ ಶೇ 29ರಷ್ಟು ಹೆಂಗಸರಲ್ಲಿ ಆಘಾತದ ನಂತರದ ಮಾನಸಿಕ ಒತ್ತಡದ ಲಕ್ಷಣಗಳಿದ್ದವು. ಒಂಬತ್ತು ತಿಂಗಳಾದ ಮೇಲೂ ಶೇ 18ರಷ್ಟು ಮಂದಿಯಲ್ಲಿ ಉಳಿದಿದ್ದವು. ನಿದ್ದೆಯಲ್ಲಿ ಬೆಚ್ಚಿ ಏಳುವುದು, ಬಸಿರು ಹೆಂಗಸನ್ನು ಕಂಡರೆ ಎದ್ದು ಹೋಗುವುದು, ಆಸ್ಪತ್ರೆಯ ವಾಸನೆಗೇ ಎದೆ ಹೊಡೆದುಕೊಳ್ಳುವುದು. ಸೀಮಂತಕ್ಕೆ ಕರೆದರೆ ಬರಲೊಲ್ಲದ ಸೊಸೆಗೆ ಹೊಟ್ಟೆಕಿಚ್ಚು ಎಂಬ ಹೆಸರು ಬರುವುದು ತೀರಾ ಅನ್ಯಾಯ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.

ಮತ್ತೆ ಗರ್ಭಕ್ಕೆ ಪ್ರಯತ್ನಿಸುವುದು ಯಾವಾಗ? ಮೆಥೊಟ್ರೆಕ್ಸೇಟ್ ಪಡೆದವರು ಕನಿಷ್ಠ ಮೂರು ತಿಂಗಳು ಕಾಯಬೇಕು, ಆ ಹೊತ್ತಿಗೆ ಫೋಲಿಕ್ ಆಸಿಡ್ ಮತ್ತೆ ಶುರುವಾಗಿರಬೇಕು. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಎರಡು ಮುಟ್ಟು ಕಳೆಯಲಿ ಎನ್ನುತ್ತಾರೆ. ಮುಟ್ಟು ಬರುವ ಮುನ್ನವೇ ಅಂಡಾಣು ಬಿಡುಗಡೆಯಾಗಬಹುದಾದ್ದರಿಂದ ಅಲ್ಲಿಯವರೆಗೆ ಕಾಂಡೋಮ್ ಅಥವಾ ಮಾತ್ರೆ ಬೇಕು. ಒಮ್ಮೆ ಎಕ್ಟೋಪಿಕ್ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗುತ್ತದೆ. ಎರಡು ಸಲ ಆದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಹಾಗಾಗಿ ಮುಂದಿನ ಸಲ ಮುಟ್ಟು ತಪ್ಪಿದ ವಾರದಲ್ಲೇ ಆಸ್ಪತ್ರೆಗೆ ತಿಳಿಸಿ, ಆರನೇ ವಾರದ ಹೊತ್ತಿಗೆ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಬೇಕು. ತಾಯಿ ಕಾರ್ಡ್ ಮಾಡಿಸಲು ಮೂರು ತಿಂಗಳು ತುಂಬಲಿ ಎಂದು ಕಾಯುವಂತಿಲ್ಲ. ಗರ್ಭಕೋಶದೊಳಗೇ ಗರ್ಭ ಕಂಡಿತೆಂದರೆ ಅಲ್ಲಿಂದ ಮುಂದಕ್ಕೆ ಆಕೆ ಎಲ್ಲರಂಥ ಗರ್ಭಿಣಿಯೇ.

ಆ ಸ್ಕ್ಯಾನ್ ಮಾಡುವ ವೈದ್ಯರು ಬೇರೆ ಊರಿನವರಾಗಿರಬಹುದು, ಹಳೆಯ ಕಡತ ಅವರ ಕೈಗೆ ಸಿಗದಿರಬಹುದು. ಅದಕ್ಕೇ ಮೊದಲ ಸಲ ಡಿಸ್‌ಚಾರ್ಜ್ ಆಗುವಾಗಲೇ ಚೀಟಿಯಲ್ಲಿ ಕೆಲವು ಸಂಗತಿಗಳನ್ನು ಬರೆಸಿಕೊಂಡು ಬರಬೇಕು: ಎಡದ ನಾಳವೋ ಬಲದ್ದೋ, ತೆಗೆದರೋ ಉಳಿಸಿದರೋ, ಇನ್ನೊಂದು ನಾಳ ನೋಡಲು ಹೇಗಿತ್ತು, ಅಂಟಿಕೊಂಡ ಗುರುತುಗಳಿದ್ದವೇ, ರಕ್ತದ ಗುಂಪು ಯಾವುದು, ಆಂಟಿ-ಡಿ ಕೊಟ್ಟರೇ, ಕೊನೆಯ ಎಚ್‌ಸಿಜಿ ಎಷ್ಟು, ಬಯಾಪ್ಸಿ ರಿಪೋರ್ಟ್ ಯಾವ ದಿನ ಸಿಗುತ್ತದೆ. ಈ ಪೈಕಿ ಏನಾದರೂ ಬಿಟ್ಟುಹೋಗಿದ್ದರೆ ಹೊರಡುವ ಮುನ್ನ ವಾರ್ಡಿನ ಸಿಸ್ಟರ್ ಬಳಿ ಕೇಳಿ ಬರೆಸಿ, ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಬಹುದು.